ಜಗಳಗಂಟಿ

ಅರವತ್ತೆರಡನೇ ದಿನ ಭೋಜನ ಅಂಗೈ ಕೆಂಪಾಯಿತು.
ನಾನು ಮೊದಲು ಪಪ್ಪಾಯಿಯನ್ನು ಬೈದೆ,
ಆಮೇಲೆ ಹೊಸ ಸಾಬೂನನ್ನು.
ಡಾಕ್ಟರ್ ರಹ್ಮಾ ಅವನ ಕಿವಿಯ ಹಿಂದೆ, ಪಾದದಡಿ ನೋಡಿ
ನನ್ನತ್ತ ತಿರುಗಿ ಏನೋ ಅಂದರು.
ಕೊಲ್ಲಂನ ನರ್ಸು ಹಿಂದಿಗೆ ತಿರುಗಿಸಿದಳು:
ಅಕ್ಕಾ, ಇವು ನಿಮ್ಮವೇ.

ನನ್ನವೇ.
ಒಂದು ತೋಳಿಂದ ಹೊರಟು ಯಂತ್ರ ಸುತ್ತಿ
ಇನ್ನೊಂದು ತೋಳಿಗೆ ಮರಳುವ ನಾಲ್ಕು ಗಂಟೆಯಲ್ಲಿ
ಚೀಲಕ್ಕೆ ಬಿದ್ದದ್ದು, ಟೊಮೆಟೊ ಸಾರಿನ ಬಣ್ಣದ್ದು.
ಅವನ ಮೂಳೆಯೊಳಗೆ ಬಿಡಾರ ಹೂಡಿ
ಈಗ ಅವನನ್ನೇ ಯಾರೆಂದು ಕೇಳುತ್ತಿದೆ.
ಚರ್ಮ ಸುಲಿಯಿತು. ಬಾಯಿ ಹುಣ್ಣಾಯಿತು.
ಹೊಟ್ಟೆ ದಿನಕ್ಕೆ ಹದಿನಾರು ಸಲ ಅವನನ್ನು ಎಬ್ಬಿಸಿತು.

ಸೊಹಾರ್ ಬಂದರಿನ ಕ್ರೇನಿನ ಗಾಜಿನ ಗೂಡಲ್ಲಿ
ಹನ್ನೆರಡು ವರ್ಷ ಬಿಸಿಲನ್ನು ಎದುರಿಗೇ ಕೂರಿಸಿಕೊಂಡವನು
ರೂವಿಯ ಈ ಮೂರನೇ ಮಹಡಿಯಲ್ಲಿ
ಕಪ್ಪು ಪರದೆಯ ಹಿಂದೆ, ಸ್ಟೆರಾಯ್ಡಿಗೆ ಊದಿದ ಮುಖ.
ಬಿಸಿಲು ಬಿದ್ದರೆ ಜಗಳ ಜೋರಾಗುತ್ತದಂತೆ.
ಕಂಪನಿಯ ಬ್ಯಾಡ್ಜಿನಲ್ಲಿ ಅವನು ಇನ್ನೂ ಬಿ ಪಾಸಿಟಿವ್,
ಲ್ಯಾಬಿನ ಕಾಗದದಲ್ಲಿ ನಿಧಾನಕ್ಕೆ ಓ ಆಗುತ್ತಿದ್ದಾನೆ.

ಮುಲಾಮು ಹಚ್ಚುವಾಗ ಮೊಣಕೈ ಹತ್ತಿರ ಸಿಕ್ಕಿತು,
ಬಂಗುಡೆಯ ಮೊಟ್ಟೆಯ ತುಂಡಿಗಾಗಿ
ಎಂಟನೇ ವಯಸ್ಸಲ್ಲಿ ನಾನು ಕಚ್ಚಿದ್ದು.
ಆರು ಹಲ್ಲು, ಅರ್ಧ ಚಂದ್ರ.
ಮೊಟ್ಟೆ ಕೊನೆಗೆ ಬೆಕ್ಕು ತಿಂದಿತು.
"ಸಾಕ್ ಮಾರಾಯ್ತಿ," ಅಂದ ಭೋಜ, ಕಣ್ಣು ಮುಚ್ಚಿಕೊಂಡೇ,
"ಒಳಗ್ ಕೂತ್ಕಂಡೂ ಬಿಡುದಿಲ್ಯಾ ನೀನ್?"

ಡಾಕ್ಟರ್ ಹತ್ತಿರ ಅತ್ತೆ:
ವಾಪಸು ತೆಗೆಯಿರಿ, ಇಲ್ಲ ಪೂರ್ತಿ ಸುಮ್ಮನಾಗಿಸಿ.
ಅವರು ಮೇಜಿನ ಮೇಲಿದ್ದ ಖರ್ಜೂರದ ಬೀಜವನ್ನು
ಬೆರಳಲ್ಲಿ ಆಚೀಚೆ ಉರುಳಿಸುತ್ತ ಹೇಳಿದ್ದಿಷ್ಟು:
ಪೂರ್ತಿ ಬೇಡ.
ಹಳೇ ರೋಗದ ಒಂದೋ ಎರಡೋ ಕಣ
ಎಲ್ಲೋ ಮೂಲೆಯಲ್ಲಿ ಉಸಿರು ಹಿಡಿದು ಕೂತಿರಬಹುದು,
ನಮ್ಮ ಮದ್ದಿಗೆ ಕಾಣದಂತೆ.
ಅದನ್ನು ಹುಡುಕಿ ಬಡಿಯುವುದೂ ಈ ಜಗಳವೇ.
ಸ್ವಲ್ಪ ಇರಲಿ.

ಎಷ್ಟು ಸ್ವಲ್ಪ?
ಅದು ಅವರಿಗೂ ಗೊತ್ತಿರಲಿಲ್ಲ.
ಸೋಮವಾರ ಮತ್ತೆ ಬನ್ನಿ ಅಂದರು.

ಸಂಜೆ ಅವನು ಪರದೆಯನ್ನು ಒಂದು ಬೆರಳಷ್ಟು ಸರಿಸಿದ.
ನೆಲದ ಮೇಲೆ ಬಿಸಿಲಿನ ಪಟ್ಟಿ, ಟೇಪಿನಷ್ಟು ಅಗಲ.
ಅದರೊಳಗೆ ಹೆಬ್ಬೆರಳಿಟ್ಟು ಸುಮ್ಮನೆ ನೋಡುತ್ತಿದ್ದ,
ಬೇರೆ ಯಾರದೋ ಕಾಲಿನಂತೆ.
"ಕಾಲ್ ಒಳಗ್ ತೆಗಿ!" ಕಿರುಚಿದೆ ಅಡುಗೆಮನೆಯಿಂದ.
"ಶುರು ಮಾಡ್ದ್ಲ್ ಕಾಣಿ," ಎಂದು ನಕ್ಕ.
ನಗುವಿಗೆ ಒಣತುಟಿ ಬಿರಿದು
ಒಂದು ಹನಿ ಮೂಡಿತು.
ಸೆರಗಿನ ತುದಿಯಲ್ಲಿ ಒರೆಸಿ ನೋಡಿದೆ.
ನನ್ನದು.