ಲೋಟ ಐದು

ಮತ್ತದೇ ಪ್ರಶ್ನೆ. ಬುರ್ಗಾಸಿನ ಹಳೇ ಚಿತ್ರಮಂದಿರದಲ್ಲಿ
ದೀಪ ಹತ್ತಿದ್ದೇ ತಡ, ಮೂರನೇ ಸಾಲಿನ ಹುಡುಗಿ
ಕೈಯೆತ್ತಿದಳು:
ಗ್ರಹಕ್ಕೆ ಇಳಿದವರು ನಾಲ್ವರು,
ತಿರುಗಿ ನೌಕೆ ಹತ್ತಿದವರೂ ನಾಲ್ವರೇ,
ಊಟದ ಮೇಜಿನ ಮೇಲೆ ತಗಡಿನ ಲೋಟ ಐದು ಯಾಕೆ?

ಉತ್ತರಕ್ಕೆ ಉಳಿದಿರುವವಳು ನಾನೊಬ್ಬಳೇ.
ನಿರ್ದೇಶಕ ವೆಲಿಜಾರ್ ಮಣ್ಣಾದ, ಕ್ಯಾಮೆರಾದ ಪೆಂಕೊ ಮಣ್ಣಾದ,
ಹಾಲಿನ ಡೇರಿಯ ಗುಜರಿಯಲ್ಲಿ ನೌಕೆ ಕಟ್ಟಿದ ಬಡಗಿಯ ಹೆಸರು
ಟೈಟಲ್ಲಿನಲ್ಲಿ ಮೊದಲೇ ಇರಲಿಲ್ಲ.
ನಾನು ಝಿವ್ಕಾ, ಕಂಟಿನ್ಯುಯಿಟಿ.
ಹಿಂದಿನ ಶಾಟಿನಲ್ಲಿ ಇದ್ದದ್ದು ಮುಂದಿನ ಶಾಟಿನಲ್ಲೂ
ಇದ್ದಲ್ಲೇ ಇರುವಂತೆ ಕಾಯುವವಳು.
ಗುಂಡಿ ಎಷ್ಟು ಬಿಚ್ಚಿದೆ, ಸಿಗರೇಟು ಎಷ್ಟು ಸುಟ್ಟಿದೆ,
ಕಣ್ಣೀರು ಯಾವ ಕೆನ್ನೆಯಲ್ಲಿ ಎಲ್ಲಿಯತನಕ ಇಳಿದಿತ್ತು,
ಎಲ್ಲ ಬರೆದಿಡುವವಳು.

ಸಣ್ಣಪುಟ್ಟ ಒಗಟು ಬಿಡಿಸಬಲ್ಲೆ, ಬೇಕಾದರೆ.
ಆ ಗ್ರಹದಲ್ಲಿ ಸೂರ್ಯ ಎರಡು ಸಲ ಮುಳುಗುತ್ತಾನಲ್ಲ,
ಮೊದಲ ಸಂಜೆಯ ರೀಲಿಗೆ ಗೀರು ಬಿದ್ದಿದೆಯೆಂಬ ಅನುಮಾನಕ್ಕೆ
ಇನ್ನೊಮ್ಮೆ ತೆಗೆದದ್ದು. ಎರಡೂ ಚೆನ್ನಾಗಿ ಬಂತು,
ವೆಲಿಜಾರನಿಗೆ ಯಾವುದನ್ನೂ ಬಿಡುವ ಮನಸ್ಸಾಗಲಿಲ್ಲ.
ಕಪ್ತಾನನ ಬ್ಯಾಂಡೇಜು ಎಡಗೈಯಿಂದ ಬಲಗೈಗೆ ದಾಟಿದ್ದು
ನನ್ನ ತಪ್ಪು. ಅವತ್ತು ನನಗೆ ಜ್ವರ.
ದೂರದಲ್ಲಿ ನಡೆದು ಮಾಯವಾಗುವ ಬಿಳಿಯ ಜೀವಿ
ಪೊಮೋರಿಯೆಯ ಉಪ್ಪಿನಾಗರ ಕಾಯುವವನ ಕತ್ತೆ.
ಅದರ ಮೇಲೆ ಪ್ರೊಫೆಸರರೊಬ್ಬರು ನಲವತ್ತು ಪುಟ ಬರೆದರು.
ಕತ್ತೆ ಓದಲಿಲ್ಲ.

ಆದರೆ ಲೋಟ.

ಆ ಬೇಸಗೆ ಉಪ್ಪಿನಾಗರವೇ ನಮಗೆ ಬೇರೆ ಲೋಕ.
ಬೂಟಿನಡಿ ನೆಲ ಹಪ್ಪಳದಂತೆ ಮುರಿಯುತ್ತಿತ್ತು.
ಇಳಿದವರು ಐದು ಜನ. ಐದು.
ಐದನೆಯವನು ಡೋಬ್ರಿ, ನೌಕೆಯ ವೈದ್ಯ, ಎಡಚ,
ಬಿಡುವಿದ್ದಾಗೆಲ್ಲ ಚಮಚದಿಂದ ಲೋಟದ ಅಂಚು ತಟ್ಟುತ್ತ
ಎಲ್ಲರ ತಲೆ ತಿನ್ನುತ್ತಿದ್ದವನು.
ಹನ್ನೊಂದನೇ ದಿನ ಬೆಳಗಿನ ಜಾವ ಈಜಲು ಹೋದ.
ದಡದಲ್ಲಿ ಟವಲು ಮಡಿಚಿಟ್ಟಿತ್ತು, ಬೂಟು ಜೋಡಿಯಾಗಿತ್ತು.
ಮುಳುಗಿದನೋ, ದಕ್ಷಿಣದ ಯಾವ ದೋಣಿ ಎತ್ತಿಕೊಂಡಿತೋ,
ಸೋಫಿಯಾದಿಂದ ಬಂದ ಬೂದು ಕೋಟಿನವರಿಗೆ ಎರಡೂ ಒಂದೇ.
ಉಪ್ಪು ತಿಂದವನು ನೀರು ಕುಡಿಯಲೇಬೇಕು, ಎಂದ ಒಬ್ಬ,
ಅವನ ಬೂಟುಗಳನ್ನು ಚೀಲಕ್ಕೆ ತುಂಬುತ್ತ.

ಅವನಿರುವ ಅಡಿ ಅಡಿಯನ್ನೂ ಕತ್ತರಿಸಿದರು.
ಅವನ ಮಾತು ಕಪ್ತಾನನ ಬಾಯಿಗೆ ಬಂತು.
ಗಮನವಿಟ್ಟು ನೋಡಿ, ಒಂದು ಕಡೆ
ತುಟಿ ಐದೆನ್ನುತ್ತದೆ, ದನಿ ನಾಲ್ಕೆನ್ನುತ್ತದೆ.

ಮೇಜಿನ ದೃಶ್ಯ ಮತ್ತೆ ತೆಗೆದದ್ದು ಸೆಪ್ಟೆಂಬರಿನಲ್ಲಿ.
ಸೆಟ್ಟಿನ ಹುಡುಗ ನಾಲ್ಕು ಲೋಟ ಇಟ್ಟು
ಸರಿಯಾ ಝಿವ್ಕಾ, ಎಂದ.
ನೋಟ್‌ಬುಕ್ ತೆರೆದೆ. ಪುಟ ಮೂವತ್ತೆರಡು, ನನ್ನದೇ ಅಕ್ಷರ:
ಲೋಟ ಐದು. ಕೊನೆಯದರ ಹಿಡಿ ಎಡಕ್ಕೆ.

ಧೈರ್ಯ ಅಂತೀರೋ? ಐವತ್ತು ವರ್ಷವಾಯಿತು,
ಧೈರ್ಯವೋ ಬರೀ ರೂಢಿಯೋ ನನಗೇ ಬಗೆಹರಿದಿಲ್ಲ.
ಪೆಟ್ಟಿಗೆಗೆ ಕೈ ಹೋಯಿತು, ಇನ್ನೊಂದು ತೆಗೆಯಿತು, ಇಟ್ಟಿತು.
ವೆಲಿಜಾರ್ ನೋಡಿದ. ಮೂಗು ಒರೆಸಿಕೊಂಡ. ಆಕ್ಷನ್ ಎಂದ.
ಬೂದು ಕೋಟಿನವರು ಮುಖಗಳನ್ನು ಎಣಿಸಿ ಒಪ್ಪಿಗೆಯ ಮುದ್ರೆ ಒತ್ತಿದರು.

ಇದೊಂದನ್ನೂ ಹುಡುಗಿಗೆ ಹೇಳಲಿಲ್ಲ.
ನಿನಗೇನು ಅನಿಸುತ್ತದೆ, ಎಂದು ಕೇಳಿದೆ.
ಕಣ್ಣಿಗೆ ಬೀಳದ ಯಾರೋ ಅವರ ಜೊತೆ
ತಿರುಗಿ ಬಂದಿದ್ದಾರೆ, ಎಂದಳು. ಕೇಳಿದವರು ನಕ್ಕರು.
ಮೈಕು ಹಿಡಿದ ಕೈ ಸ್ವಲ್ಪ ನಡುಗಿತು, ವಯಸ್ಸು.
ಹಿಡಿ ಯಾವ ಕಡೆಗಿತ್ತು, ನೋಡಿದೆಯಾ?
ಇಲ್ಲ, ಎಂದಳು.
ಇನ್ನೊಂದು ಸಲ ನೋಡು, ಎಂದೆ.
ಪೊಮೋರಿಯೆಗೆ ಕೊನೆಯ ಬಸ್ಸು ಎಂಟೂವರೆಗೆ.