ಚೈನು ಯಾವ ಕಡೆಗೆ

ಭಾನುವಾರದ ಸಂತೆಯಲ್ಲಿ
ಮುರಿದ ಮಿಕ್ಸಿ, ಒಂಟಿ ಬೂಟುಗಳ ಮಧ್ಯೆ
ನಲವತ್ತು ರೂಪಾಯಿಗೆ ಸಿಕ್ಕ ಪಟ.
ಹಿಂದೆ ಪೆನ್ಸಿಲಿನಲ್ಲಿ ಒಂದೇ ಪದ: ಬೆಂಗಳೂರು.
ಅಷ್ಟು ಹೇಳಿದರೆ ಸಾಕಿತ್ತು ಆ ಕಾಲಕ್ಕೆ.

ಒಂದು ಇಳಿಜಾರು. ಕಲ್ಲುಗೋಡೆ.
ಗೋಡೆಗೆ ಒರಗಿಸಿದ ಸೈಕಲ್ಲು.
ಕಂಬದ ಬುಡದಲ್ಲಿ ಕಿವಿ ಕೆರೆಯಲು ಹೋಗಿ
ಎರಡು ತಲೆಯಾದ ನಾಯಿ.
ಬಟ್ಟೆ ಮುಚ್ಚಿದ ಬುಟ್ಟಿ ಹೊತ್ತು
ಕ್ಯಾಮೆರಾ ಕಂಡು ಅರ್ಧ ನಿಂತ ಹೆಂಗಸು.
ಎಡಕ್ಕೆ, ತಗ್ಗಿನಲ್ಲಿ, ಬೆಳ್ಳಗೆ ಒಂದು ಗೆರೆ:
ನೀರೋ, ಗೀರೋ.

ಮೂರು ತಿಂಗಳು ಭೂತಗನ್ನಡಿ ಹಿಡಿದೆ.
ಹಲಸೂರು ಎಂದೆ; ಗೋಪುರವಿಲ್ಲ.
ಚಾಮರಾಜಪೇಟೆ ಎಂದೆ;
ಅಲ್ಲಿನ ಬೀದಿಗಳು ಹೀಗೆ ಸೊಂಟ ಬಳುಕಿಸುವುದಿಲ್ಲ.
ಲಾಲ್‌ಬಾಗಿನ ಬಂಡೆಯ ಹಿಂದಿನ ರಸ್ತೆ ಎಂದು
ಒಂದು ವಾರ ನಂಬಿದ್ದೆ.
ಆ ವಾರ ಚೆನ್ನಾಗಿ ನಿದ್ದೆ ಬಂತು.

ಕೊನೆಗೆ ಆಸ್ಟಿನ್ ಟೌನಿನ ಚೌರಪ್ಪನವರು,
ಕರೆಂಟು ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕಂಬ ಹತ್ತಿದವರು.
ಪಟವನ್ನು ಮೊದಲು ಮೂಗಿಗೆ ಹಿಡಿದರು, ಆಮೇಲೆ ಕಣ್ಣಿಗೆ.
"ಮನೆ ನೋಡ್ಬೇಡಿ ಮೇಡಂ, ಮನೆ ಸುಳ್ಳು ಹೇಳತ್ತೆ.
ಇಳಿಜಾರು ನೋಡಿ.
ಅದನ್ನ ಯಾರೂ ಒಡೆದು ಮಹಡಿ ಎಬ್ಬಿಸಕ್ಕಾಗಲ್ಲ."
ಕಂಬದ ನೆತ್ತಿಯ ಪಿಂಗಾಣಿ ಕಪ್ಪುಗಳನ್ನು ಎಣಿಸಿದರು.
"ಇಂಥದ್ರ ಮೇಲೆ ಕೂತು ಬುತ್ತಿ ಉಂಡಿದ್ದೀನಿ."
ಆಮೇಲೆ ಸುಮ್ಮನಾದರು.
ಒಳಗೆ ಕುಕ್ಕರು ಮೂರು ಸಲ ಕೂಗಿತು.

"ಚೈನು," ಅಂದರು.
ಏನು?
"ಸೈಕಲ್ಲು ಎಡಕ್ಕೆ ಮುಖ ಮಾಡಿದೆ. ಚೈನು ನಮಗೆ ಕಾಣ್ತಿದೆ.
ಎಡಗಡೆ ಚೈನಿರೋ ಸೈಕಲ್ಲು
ಯಾವ ದೇಶದಲ್ಲಿ ಓಡ್ಸಿದ್ದೀರಿ ನೀವು?"

ಬಚ್ಚಲ ಗೋಡೆಯಿಂದ ಕನ್ನಡಿ ಬಿಚ್ಚಿ ತಂದರು.
ಒಣಗಿದ ಸೋಪಿನ ಕಲೆಗಳ ನಡುವೆ
ಪಟ ಮಗ್ಗುಲು ಬದಲಿಸಿತು.
ಯಾರೋ ಯಾವಾಗಲೋ ಅವಸರದಲ್ಲಿ
ಗಾಜಿನ ಪ್ಲೇಟು ಮಗುಚಿ ಅಚ್ಚು ಹಾಕಿದ್ದಾರೆ.
ತಗ್ಗು ಬಲಕ್ಕೆ ಬಂತು. ಗೆರೆ ನೀರಾಯಿತು.
"ಶೂಲೆ ಕೆರೆ," ಅಂದರು ಚೌರಪ್ಪ,
ಸೋದರಮಾವನ ಹೆಸರು ಹೇಳಿದಷ್ಟು ಸಲೀಸಾಗಿ.
ಈಗ ಅಲ್ಲಿ ಫುಟ್‌ಬಾಲ್ ಆಡುತ್ತಾರೆ.

ನೆರಳೂ ತಿರುಗಿತ್ತು.
ಕ್ಯಾಮೆರಾದ ಮುಖ ಉತ್ತರಕ್ಕೆ,
ಅದರಲ್ಲಿ ಇಬ್ಬರಿಗೂ ತಕರಾರಿಲ್ಲ.
ಹಾಗಾದರೆ ಮೂರು ತಿಂಗಳಿಂದ
ನಾನು ಸಂಜೆ ಎಂದುಕೊಂಡಿದ್ದು ಬೆಳಗ್ಗೆ.

ದಿನವೂ ಅವಳನ್ನು ಮನೆಗೆ ಕಳಿಸುತ್ತಿದ್ದೆ.
ಖಾಲಿ ಬುಟ್ಟಿ, ಸೆರಗಿನ ಗಂಟಿನಲ್ಲಿ ನಾಲ್ಕು ಕಾಸು,
ಒಲೆ ಹಚ್ಚಲು ಹೊತ್ತಾಯಿತೆಂಬ ದಿಗಿಲು,
ಎಲ್ಲ ನಾನೇ ಕೊಟ್ಟಿದ್ದು.
ಅವಳು ಈಗಷ್ಟೇ ಹೊರಟಿದ್ದಾಳೆ.
ಬುಟ್ಟಿ ಭರ್ತಿ.
ಕತ್ತು ನೋಡಬೇಕಿತ್ತು ನಾನು,
ಭಾರಕ್ಕಲ್ಲವೇ ಕತ್ತು ಹಾಗೆ ನೆಟ್ಟಗಾಗುವುದು.

ಮಾರನೆಯ ದಿನ ಎಂಟೂವರೆಗೆ
ಕ್ಯಾಮೆರಾದ ಮೂರು ಕಾಲು ಊರಿರಬಹುದಾದ ಕಡೆ
ನಮ್ಮ ನಾಲ್ಕು ಕಾಲು ಊರಿದೆವು.
ಪಾರ್ಕಿಂಗ್ ಹುಡುಗ ಸೀಟಿ ಊದಿದ.
ಗೋಡೆಯಿಲ್ಲ, ಕಂಬವಿಲ್ಲ.
ನಾಯಿಯೊಂದಿತ್ತು,
ಅದನ್ನು ಸಾಕ್ಷಿಗೆ ಕರೆಯುವಂತಿಲ್ಲ.

ಚೌರಪ್ಪ ಬಾಟಲಿಯ ಮುಚ್ಚಳ ತಿರುವಿ
ಒಂದು ಗುಟುಕು ಕುಡಿದು
ಉಳಿದದ್ದನ್ನು ಟಾರಿನ ಮೇಲೆ ಸುರಿದರು.
ನೀರು ಒಂದು ಕ್ಷಣ ಯೋಚಿಸಿತು.
ಬೈಕೊಂದರ ಸ್ಟ್ಯಾಂಡು ಬಳಸಿ,
ಗುಟ್ಕಾ ಪೊಟ್ಟಣವೊಂದನ್ನು ಜೊತೆಗೆ ಕರೆದುಕೊಂಡು
ಬಲಕ್ಕೆ ಹೊರಟಿತು.

ಪಟದ ಹಿಂದೆ ನಾನು ಬರೆದಿದ್ದ "ಸಂಜೆ" ಉಜ್ಜಿದೆ,
ಬರೆದೆ: ಶೂಲೆ ಕೆರೆ ದಾರಿ, ಬೆಳಗ್ಗೆ.
"ಒಂದು ಪ್ರಶ್ನೆ ಚಿಹ್ನೆ ಹಾಕಿ ಮೇಡಂ,
ನಾವಿಬ್ರೂ ಹುಟ್ಟಿರ್ಲಿಲ್ಲ."

ಹಾಕಿದೆ. ಪೆನ್ಸಿಲಿನಲ್ಲೇ.