ಬೀರುವಿನ ಬಾಗಿಲ ಒಳಮೈ

ಕಾರ್ಪೆಟ್ ಕಾರ್ಖಾನೆ ಮುಚ್ಚಿದಾಗ ವಿಲ್ಫ್‌ಗೆ ಬಂದ ಇಡಿಗಂಟು,
ಶಾಲೆಯ ಅಡುಗೆಮನೆಯಲ್ಲಿ ನಾನು
ಇಪ್ಪತ್ತೊಂದು ವರ್ಷ ಆಲೂಗಡ್ಡೆ ಹಿಸುಕಿ ಉಳಿಸಿದ್ದು,
ಮಿಕ್ಕಿದ್ದು ಬ್ಯಾಂಕಿನದು. ಮಿಕ್ಕಿದ್ದೇ ಹೆಚ್ಚು.
ಹೀಗೆ ಕೊಂಡೆವು ಡರಮ್ ಊರಲ್ಲಿ
ರೈಲು ಸೇತುವೆಯ ಕಮಾನುಗಳ ಕೆಳಗೆ
ಹದಿನೇಳನೇ ನಂಬರು.
ಇರುವುದಕ್ಕಲ್ಲ. ಬಾಡಿಗೆಗೆ.

"ವಿಶ್ವವಿದ್ಯಾಲಯ ಎಲ್ಲಿಗೂ ಓಡಿಹೋಗಲ್ಲ, ನಾರ್ಮಾ"
ಅಂದಿದ್ದ ಏಜೆಂಟು, ಷೂ ಒರೆಸದೆ ಒಳಬಂದು.
ಗಣಿ ಓಡಿಹೋದದ್ದು, ಕಾರ್ಖಾನೆ ಓಡಿಹೋದದ್ದು
ಕಂಡವರು ನಾವು. ಆದರೂ ನಂಬಿದೆವು.

ಮುಂಗೋಣೆಯ ನಡುವೆ ಜಿಪ್ಸಮ್ ಹಲಗೆ ನಿಲ್ಲಿಸಿ
ಒಂದನ್ನು ಎರಡು ಮಾಡಿದ ವಿಲ್ಫ್.
ಕಿಟಕಿ ಒಂದೇ; ಇತ್ತ ಅರ್ಧ, ಅತ್ತ ಅರ್ಧ.
ಗೋಡೆಗೂ ಕಿವಿ ಇದೆಯೆನ್ನುತ್ತಾರೆ,
ಇದಕ್ಕೆ ಕಿವಿ ಬಿಟ್ಟರೆ ಬೇರೇನೂ ಇಲ್ಲ:
ಒಬ್ಬಳು ಸೀನಿದರೆ ಪಕ್ಕದವಳು ಹರಸಬೇಕು.
ಐದು ಕೋಣೆ, ಐದು ಬೀಗ, ಐದು ಕೆಟಲು.
ಫ್ರಿಜ್ಜಿನಲ್ಲಿ ಐದು ಹಾಲು, ಐದಕ್ಕೂ ಹೆಸರು.

ಪಕ್ಕದ ಹತ್ತೊಂಬತ್ತರ ಸ್ಟಾಬ್ಸ್,
ಕ್ರಿಸ್‌ಮಸ್ ರಜೆಯಲ್ಲೂ ದೀಪ ಉರಿಯುವುದು
ಬೀದಿಗೆಲ್ಲ ಅವನ ಮನೆಯಲ್ಲಿ ಮಾತ್ರ,
ಕಸದ ತೊಟ್ಟಿ ಎಳೆಯುತ್ತ ಒಮ್ಮೆ ಅಂದ:
"ಬೀದಿಯನ್ನೇ ಮಾರಿಬಿಟ್ಟಿರಿ."
"ಮಾರಿಲ್ಲ" ಅಂದೆ. "ಬಾಡಿಗೆಗೆ ಕೊಟ್ಟಿದ್ದೇವೆ."
ಅವನು ನಗಲಿಲ್ಲ. ನಾನೂ ತಮಾಷೆಗೆ ಅಂದಿರಲಿಲ್ಲ.

ಜುಲೈ ಕೊನೆ. ಹುಡುಗಿಯರು ಖಾಲಿ ಮಾಡಿದ್ದಾರೆ.
ಆಗಸ್ಟ್ ನಮಗೆ ಆಟಕ್ಕುಂಟು, ಲೆಕ್ಕಕ್ಕಿಲ್ಲ:
ಬಾಡಿಗೆ ಬರದು, ಬಡ್ಡಿ ನಿಲ್ಲದು.
ಬ್ಲೀಚು, ಬಕೆಟ್ಟು, ಬಿಳಿ ಬಣ್ಣದ ಡಬ್ಬಿ ಹೊತ್ತು
ನೋಯುವ ಮಂಡಿಯಲ್ಲಿ ಮೆಟ್ಟಿಲೇರುತ್ತೇನೆ.
ಒಲೆಯ ಜಿಡ್ಡು: ಇಪ್ಪತ್ತು ಪೌಂಡು.
ಹಾಸಿಗೆಯ ಕಲೆ: ನಲವತ್ತು.
ಠೇವಣಿಯಲ್ಲಿ ಮುರಿದುಕೊಳ್ಳುವ ಪಟ್ಟಿ
ಬರೆಯುತ್ತ ಬರೆಯುತ್ತ ಹಿಂದಿನ ಕೋಣೆಗೆ ಬಂದೆ.

ಬ್ರಾನ್ವೆನ್ ಇದ್ದ ಕೋಣೆ. ವೇಲ್ಸಿನವಳು,
ನಸುಕಿಗೆ ಬೂಟು ಕೈಯಲ್ಲಿ ಹಿಡಿದು
ಸದ್ದಿಲ್ಲದೆ ಇಳಿಯುತ್ತಿದ್ದಳಂತೆ ಕೆಲಸಕ್ಕೆ.
ಬೀರು ತೆಗೆದರೆ, ಬಾಗಿಲ ಒಳಮೈ ತುಂಬ
ಪೆನ್ಸಿಲ್ಲು.
ವಾರದ ಬಾಡಿಗೆ ನೂರ ನಲವತ್ತೆರಡು,
ಕೆಫೆಯಲ್ಲಿ ಗಂಟೆಗೆ ಹನ್ನೊಂದು ನಲವತ್ತನಾಲ್ಕು,
ಭಾಗಿಸಿದರೆ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ.
ಕೆಳಗೆ ಇನ್ನೊಮ್ಮೆ ಭಾಗಿಸಿದ್ದಾಳೆ,
ಉತ್ತರ ಕಡಿಮೆಯಾದೀತೆಂದು.
ಮೂಲೆಯಲ್ಲಿ: ಬಸ್ಸು? ಬೀನ್ಸ್? ಶನಿವಾರವೂ ಕೇಳು.
ಅಮ್ಮನಿಗೆ ಹೇಳಬೇಡ.

ಬ್ರಶ್ಶು ಅದ್ದಿದ್ದೆ. ಬಣ್ಣ ತೊಟ್ಟಿಕ್ಕುತ್ತಿತ್ತು.
ದಿನಕ್ಕೆ ಮುನ್ನೂರು ತಟ್ಟೆ ಎಣಿಸಿದ ಕಣ್ಣಿಗೆ
ತಪ್ಪು ಲೆಕ್ಕ ಕಂಡರೆ ತಡೆಯದು.
ಪಾಳಿ ನಡುವಿನ ಅರ್ಧ ಗಂಟೆಗೆ ಸಂಬಳವಿಲ್ಲ,
ಮರೆತಿದ್ದಾಳೆ ಹುಡುಗಿ. ಮೂರು ಪಾಳಿ, ಮೂರು ಅರ್ಧ ಗಂಟೆ.
ಹದಿನಾಲ್ಕಕ್ಕೆ ಐದೇ ನಿಮಿಷ ಕಡಿಮೆ.

ಏಪ್ರನ್ನಿನ ಜೇಬಿನಲ್ಲಿ ಬೆಳಗಿನ ಕಾಗದವಿತ್ತು.
ಬ್ಯಾಂಕಿನದು. ಎರಡೂಕಾಲಿದ್ದ ಬಡ್ಡಿ
ಸೆಪ್ಟೆಂಬರಿನಿಂದ ಆರು.
ತಿಂಗಳಿಗೆ ನಾನೂರೈವತ್ತು ಇದ್ದದ್ದು
ಸಾವಿರದ ಇನ್ನೂರು.
ವಿಲ್ಫ್‌ಗೆ ಇನ್ನೂ ಹೇಳಿಲ್ಲ.
ನೆಲದ ಮೇಲೆ ಕೂತೆ. ಪಟ್ಟಿ ಬರೆದ ಪೆನ್ಸಿಲ್ಲಿನಲ್ಲೇ
ಅವಳ ಲೆಕ್ಕದ ಕೆಳಗೆ ನನ್ನದೂ ಬರೆದೆ.
ಮಿಕ್ಕ ನಾಲ್ಕು ಕೋಣೆಗೆ ನವೆಂಬರಿನಲ್ಲೇ ಸಹಿಯಾಗಿದೆ,
ಏರಿಸಬಹುದಾದದ್ದು ಇದೊಂದನ್ನೇ.
ನೂರ ಅರವತ್ತೈದು. ಅದೂ ಸಾಲದು.
ಬರುವವಳಿಗೆ ವಾರಕ್ಕೆ
ಹದಿನಾಲ್ಕು ಗಂಟೆ ಇಪ್ಪತ್ತೈದು ನಿಮಿಷ, ಬಿಡುವು ಬಿಟ್ಟು.
ನಾನೂ ಎರಡು ಸಲ ಭಾಗಿಸಿದೆ.

ಗೋಡೆಗೆ ಎರಡು ಕೈ ಬಳಿದೆ. ಬೀರು ಮುಚ್ಚಿದೆ.
ಜಿಡ್ಡಿನ ಇಪ್ಪತ್ತು ಹಾಗೇ ಇಟ್ಟುಕೊಂಡೆ,
ಅದು ನಿಜವಾಗಿಯೂ ಜಿಡ್ಡು.

ಸೆಪ್ಟೆಂಬರಿನಲ್ಲಿ ಗ್ರಿಮ್ಸ್‌ಬಿಯಿಂದ ಒಬ್ಬಳು ಬಂದಳು.
ಅಪ್ಪ ನಲ್ಲಿ ತಿರುಗಿಸಿ ನೋಡಿದ, ಹಲಗೆ ಗೋಡೆ ಕುಟ್ಟಿದ.
ಅವಳು ಬೀರು ತೆಗೆದು ಅಲ್ಲೇ ನಿಂತಳು,
ತುಟಿ ಅಲುಗುತ್ತಿತ್ತು.
"ಎರಡನೆಯ ಕೈಬರಹ ಯಾರದು?" ಅಂದಳು.
ಕಮಾನುಗಳ ಮೇಲೆ ರೈಲೊಂದು ಹಾಯಿತು,
ಐದು ಕೆಟಲುಗಳೂ ಕಿಣಿಕಿಣಿಗುಟ್ಟಿದವು.
ಕೀಲಿಕೈ ಅವಳ ಅಂಗೈಗಿಟ್ಟೆ.